ಕವಿಗೋಷ್ಠಿಯಲ್ಲಿ ಕವಿತೆಗೂ ಸಮಯ ಸಿಗಲಿ

ಮಾನ್ಯ ಸಂಪಾದಕರೇ,

ನಗರದ ಕವಿಗೋಷ್ಠಿಗಳಲ್ಲಿ ಸ್ವಾಗತ, ಸನ್ಮಾನ, ಅಧ್ಯಕ್ಷೀಯ ಭಾಷಣಗಳೆಲ್ಲ ಮುಗಿದು ಮಿಕ್ಕ ಸಮಯವಷ್ಟೇ ಕವಿತೆಗೆ ಎಂಬಂತಾಗಿದೆ. ಕಳೆದ ತಿಂಗಳು ಬಸವನಗುಡಿಯ ಗೋಷ್ಠಿಯೊಂದರಲ್ಲಿ, ತೀರಿಕೊಂಡ ಪತ್ನಿಯ ಕನ್ನಡಕದ ಡಬ್ಬಿಯನ್ನು ಕುರಿತು ಬರೆದಿದ್ದ ಹಿರಿಯರೊಬ್ಬರು ಎರಡನೆಯ ನುಡಿಗೆ ಬರುವಷ್ಟರಲ್ಲೇ ನಿರೂಪಕರಿಂದ ಚೀಟಿ ಬಂತು. ಅವರು ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ವೇದಿಕೆಯಿಂದ ಇಳಿದರು. ಶಾಲು, ಹಾರಗಳ ಸರದಿಯಲ್ಲಿ ಮಾತ್ರ ಯಾರಿಗೂ ಅವಸರವಿರಲಿಲ್ಲ. ಒಲವು, ಕಾಲ, ಸಾವುಗಳನ್ನು ಕುರಿತ ಕವಿತೆಯನ್ನು ಓಡೋಡುತ್ತ ಓದಲಾಗದು, ಕೇಳಲೂ ಆಗದು. 1942ರಲ್ಲಿ ಪ್ರಕಟವಾದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯ ದಾಂಪತ್ಯದ ಒಲವು ಇಂದಿಗೂ ಮನೆಮಾತಾಗಿದ್ದರೆ, ಅದನ್ನು ಸಾವಧಾನವಾಗಿ ಓದಿ, ಹಾಡಿ ಹಂಚಿಕೊಂಡವರ ಪಾಲು ಅದರಲ್ಲಿ ದೊಡ್ಡದು. ಇಪ್ಪತ್ತೈದು ಕವಿಗಳನ್ನು ಸಾಲಾಗಿ ಕೂರಿಸುವ ಬದಲು ಎಂಟು ಮಂದಿಗೆ ತಲಾ ಹತ್ತು ನಿಮಿಷ ಕೊಟ್ಟು, ಓದಿನ ನಂತರ ಕೇಳುಗರಿಗೂ ಮಾತನಾಡಲು ಅವಕಾಶವಿರುವ ಸರಳ ಗೋಷ್ಠಿಗಳನ್ನು ಬಡಾವಣೆಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ತಿಂಗಳಿಗೊಂದು ಭಾನುವಾರ ನಡೆಸಬಹುದು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಇಂಥ ಗೋಷ್ಠಿಗಳಿಗೆ ಸಣ್ಣ ಮೊತ್ತದ ನೆರವು ನೀಡುವ ಬಗ್ಗೆ ಯೋಚಿಸಲಿ.

– ಕಾವ್ಯಾಸಕ್ತ ಓದುಗ, ಬೆಂಗಳೂರು