ಸಂವಿಧಾನದ ಓದಿನಲ್ಲಿ ನೀತಿಯ ಸ್ಥಾನ

ಚಿರಂಜೀವಿ ಸೋದರಳಿಯನಿಗೆ ಆಶೀರ್ವಾದಗಳು.

ಕಾನೂನು ಬೇರೆ, ನೀತಿ ಬೇರೆ; ನ್ಯಾಯಾಧೀಶರು ಸಂವಿಧಾನದ ಅಕ್ಷರವನ್ನಷ್ಟೇ ನೋಡಬೇಕು ಎಂದು ಬರೆದಿದ್ದೀಯೆ. ಅವರ ಸ್ವಂತ ಒಲವು ತೀರ್ಪಿನೊಳಗೆ ನುಸುಳಬಾರದೆಂಬ ನಿನ್ನ ಕಾಳಜಿ ನನಗೆ ಮೆಚ್ಚುಗೆಯಾಯಿತು. ಆದರೆ ಅದಕ್ಕೆ ನೀನು ಕಂಡುಕೊಂಡಿರುವ ಪರಿಹಾರವನ್ನು ಒಪ್ಪಲಾರೆ. ನಾತ್ಸಿ ಆಳ್ವಿಕೆಯ ಬಳಿಕ, 1949ರಲ್ಲಿ, ಪಶ್ಚಿಮ ಜರ್ಮನಿಯ ಮೂಲ ಕಾನೂನು ಮಾನವ ಘನತೆಗೆ ಚ್ಯುತಿ ತರುವಂತಿಲ್ಲವೆಂದು ಮೊದಲ ವಿಧಿಯಲ್ಲೇ ಸಾರಿ, ಆ ತತ್ತ್ವವನ್ನು ತಿದ್ದುಪಡಿಗೂ ಎಟುಕದಂತೆ ಇರಿಸಿತು. ಘನತೆಗೆ ಯಾವುದು ಚ್ಯುತಿ ಎಂಬುದನ್ನು ನೈತಿಕ ವಿವೇಚನೆಯಿಲ್ಲದೆ ಹೇಗೆ ನಿರ್ಧರಿಸುತ್ತೀಯೆ?

ಅಕ್ಷರವೇ ಸಾಕೆಂಬ ವಾದ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ 1976ರ ಜಬಲ್ಪುರ ಪ್ರಕರಣವನ್ನು ನೋಡು. ತುರ್ತು ಪರಿಸ್ಥಿತಿಯ ಆದೇಶವಿರುವ ತನಕ ಬಂಧಿತರು ತಮ್ಮ ಸ್ವಾತಂತ್ರ್ಯಕ್ಕಾಗಿ ನ್ಯಾಯಾಲಯದ ಮೊರೆ ಹೋಗಲಾರರೆಂದು ಸುಪ್ರೀಂ ಕೋರ್ಟಿನ ಐವರ ಪೀಠದಲ್ಲಿ ನಾಲ್ವರು ನ್ಯಾಯಮೂರ್ತಿಗಳು ತೀರ್ಪಿತ್ತರು. ಐದನೆಯವರಾದ ಎಚ್.ಆರ್. ಖನ್ನಾ ಒಬ್ಬರೇ, ಜೀವ ಮತ್ತು ಸ್ವಾತಂತ್ರ್ಯಕ್ಕೆ ಅವನ್ನು ರಕ್ಷಿಸುವ ಸಂವಿಧಾನದ 21ನೇ ವಿಧಿಯೊಂದೇ ಮೂಲವಲ್ಲ, ಕಾನೂನಿನ ಆಧಾರವಿಲ್ಲದೆ ಅವನ್ನು ಕಸಿಯುವ ಅಧಿಕಾರ ಪ್ರಭುತ್ವಕ್ಕಿಲ್ಲ ಎಂದು ಭಿನ್ನಮತ ಬರೆದರು. ಬಹುಮತದ ಆ ತೀರ್ಪನ್ನು ಸುಪ್ರೀಂ ಕೋರ್ಟೇ 2017ರಲ್ಲಿ ತಳ್ಳಿಹಾಕಿತು.

ಯಾರ ನೀತಿ ಎಂಬುದೇ ನಿಜವಾಗಿ ಕಠಿಣವಾದ ಪ್ರಶ್ನೆ. ಹೆಚ್ಚು ಜನರ ನೀತಿಯಂತೂ ಅಲ್ಲ. ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ 1995ರಲ್ಲಿ ಮರಣದಂಡನೆಯನ್ನು ರದ್ದುಮಾಡುವಾಗ, ಬಹುಪಾಲು ಜನ ಅದರ ಪರವಾಗಿದ್ದಾರೆಂದು ಭಾವಿಸಿಕೊಂಡೂ, ಸಂವಿಧಾನವನ್ನು ಅರ್ಥೈಸುವ ಹೊಣೆಯನ್ನು ಜನಾಭಿಪ್ರಾಯಕ್ಕೆ ಬಿಟ್ಟುಕೊಡಲಾಗದೆಂದಿತು. ನಮ್ಮಲ್ಲಿಯೂ, ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ ದಂಡಸಂಹಿತೆಯ 377ನೇ ಕಲಮಿನ ಕುರಿತ 2018ರ ತೀರ್ಪು, ಸಮಾಜದ ಬಹುಸಂಖ್ಯಾತರ ನೀತಿಗಿಂತ ಸಾಂವಿಧಾನಿಕ ನೈತಿಕತೆಯೇ, ಎಂದರೆ ಸಂವಿಧಾನದ ಮೌಲ್ಯಗಳಿಗೆ ತೋರುವ ನಿಷ್ಠೆಯೇ, ಮೇಲೆಂದು ಹೇಳಿತು.

ಇಲ್ಲಿ ನಿನ್ನ ಅನುಮಾನಕ್ಕೂ ನ್ಯಾಯವಿದೆ. ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನ ರಚನಾ ಸಭೆಯಲ್ಲಿ, ಸಾಂವಿಧಾನಿಕ ನೈತಿಕತೆ ಸಹಜವಾಗಿ ಬರುವ ಭಾವನೆಯಲ್ಲ, ಅದನ್ನು ಬೆಳೆಸಿಕೊಳ್ಳಬೇಕೆಂದಾಗ, ಅಧಿಕಾರದಲ್ಲಿರುವವರು ಸಂವಿಧಾನದ ರೀತಿನೀತಿಗೆ ತಲೆಬಾಗುವ ಸಂಯಮವೂ ಅದರಲ್ಲಿ ಸೇರಿತ್ತು. ಆ ಸಂಯಮದಿಂದ ನ್ಯಾಯಪೀಠಕ್ಕೂ ವಿನಾಯಿತಿಯಿಲ್ಲ. ತನಗೆ ಸರಿಕಂಡದ್ದನ್ನು ಸಾಂವಿಧಾನಿಕ ನೈತಿಕತೆಯ ಹೆಸರಿನಲ್ಲಿ ಹೇರುವ ನ್ಯಾಯಾಧೀಶ ನನ್ನ ದೃಷ್ಟಿಯಲ್ಲಿ ದಾರಿ ತಪ್ಪಿದವನೇ.

ಆದ್ದರಿಂದ ತೀರ್ಪನ್ನು ಓದುವಾಗ ಫಲಿತಾಂಶಕ್ಕೆ ಮೊದಲೇ ಮನಸೋಲಬೇಡ. ಹೇಳಿರುವ ಮೌಲ್ಯ ಸಂವಿಧಾನದ ಯಾವ ವಿಧಿಯಿಂದ, ಯಾವ ತರ್ಕದ ಮೂಲಕ ಬಂತೆಂದು ಹುಡುಕು. ಅದೇ ತರ್ಕ ನಾಳೆ ನಿನಗೆ ಹಿಡಿಸದ ಪಕ್ಷವನ್ನು ಗೆಲ್ಲಿಸಿದರೂ ಒಪ್ಪುವೆಯಾ ಎಂದು ನಿನ್ನನ್ನೇ ಕೇಳಿಕೋ. ಖನ್ನಾ ಅವರ ಭಿನ್ನಮತವನ್ನು ಪೂರ್ತಿ ಓದಿ, ಅದು ಈ ಪರೀಕ್ಷೆಗೆ ನಿಲ್ಲುತ್ತದೆಯೇ ಎಂದು ನನಗೆ ಬರೆ.

ಇತಿ,
ನಿನ್ನ ಸೋದರಮಾವ