ನಾಲೆ ಏರಿ ನಮ್ಮಲ್ಲೂ ಇದೆ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಫ್ರಾನ್ಸಿನ ಸೈಕಲ್ ದಾರಿಗಳ ಬಗ್ಗೆ ಬಂದ ಲೇಖನ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಆದರೆ ಕೊನೆಗೆ ಬಂದು ಲೇಖಕರು, ಅಷ್ಟು ದುಡ್ಡು, ಅಷ್ಟು ಜಾಗ ನಮ್ಮಲ್ಲೆಲ್ಲಿ ಬರಬೇಕು ಅಂತ ಕೈ ಚೆಲ್ಲಿಬಿಟ್ಟಿದ್ದಾರೆ. ಆ ದಾರಿಗಳಲ್ಲಿ ಒಂದರ ಮೇಲೆ ನಾನೇ ಸೈಕಲ್ ತುಳಿದು ಬಂದಿದ್ದೇನೆ. ನನಗೆ ಕಂಡಿದ್ದು ಬೇರೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಯಿತು, ಕತ್ತರಿಸುವುದಾದರೆ ಕೊನೆಯ ಭಾಗ ಮಾತ್ರ ಬಿಡಬೇಡಿ.

ನಾನು ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವನು. ಈಗ 66 ವರ್ಷ. ಕೆಲಸದಲ್ಲಿದ್ದಷ್ಟು ಕಾಲ ಈ ಊರನ್ನು ನೋಡಿದ್ದು ಸೈಕಲ್ ಸೀಟಿನಿಂದಲೇ. ಹ್ಯಾಂಡಲ್‌ಗೆ ವೈರಿನ ಸುರುಳಿ, ಹೆಗಲ ಮೇಲೆ ಏಣಿ. ಮಗಳು, ಅಳಿಯ ಈಗ ಫ್ರಾನ್ಸಿನ ಟೂಲೂಸ್‌ನಲ್ಲಿದ್ದಾರೆ. ಅಳಿಯನಿಗೆ ವಿಮಾನ ತಯಾರಿಕೆಯ ಕೆಲಸ. ಎರಡು ವರ್ಷದ ಕೆಳಗೆ ಅವರ ಮನೆಯಲ್ಲಿ ಎರಡು ತಿಂಗಳು ಇದ್ದೆ. ಮನೆಯಲ್ಲಿ ಸುಮ್ನೆ ಕೂತು ಬೇಜಾರು ಅಂದಾಗ ಅಳಿಯ ತನ್ನ ಸೈಕಲ್ ಕೊಟ್ಟು, 'ಮಾವ, ಕಾಲುವೆ ಪಕ್ಕ ಹಿಡಿದು ಹೋಗಿ, ಎಲ್ಲೂ ತಪ್ಪಿಸಿಕೊಳ್ಳಲ್ಲ' ಅಂದ.

ಆ ಕಾಲುವೆಯ ಹೆಸರು ಕನಾಲ್ ದು ಮಿದಿ. ಟೂಲೂಸ್‌ನಿಂದ ಮೆಡಿಟರೇನಿಯನ್ ಸಮುದ್ರದ ಕಡೆಗೆ 240 ಕಿಲೋಮೀಟರ್. ತೋಡಿಸಿದವನು ಪಿಯರ್ ಪಾಲ್ ರಿಕೆ. ಎಂಜಿನಿಯರ್ ಅಲ್ಲ, ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದವನು! 1666ರಲ್ಲಿ ಶುರು ಮಾಡಿ, 1681ರಲ್ಲಿ ಕಾಲುವೆ ತೆರೆಯುವ ಕೆಲವು ತಿಂಗಳ ಮುಂಚೆ ತೀರಿಕೊಂಡ. ಮುಂದೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ದೋಣಿಗಳನ್ನು ಎಳೆದದ್ದು ದಡದ ಮೇಲೆ ನಡೆಯುತ್ತಿದ್ದ ಕುದುರೆಗಳು. 1857ರಲ್ಲಿ ರೈಲು ಬಂತು. ಆಮೇಲೆ ನಿಧಾನಕ್ಕೆ ಸರಕಿನ ದೋಣಿಗಳೂ ನಿಂತವು. ಕುದುರೆ ನಡೆದ ದಾರಿ ಮಾತ್ರ ಹಾಗೇ ಉಳಿಯಿತು.

ನಾನು ಸೈಕಲ್ ತುಳಿದದ್ದು ಆ ಕುದುರೆ ದಾರಿಯಲ್ಲೇ. ಅದಕ್ಕೆಂದು ಹೊಸದಾಗಿ ಜಾಗ ಹುಡುಕಿದ್ದಲ್ಲ. ಲೇಖಕರಿಗೆ ನಾನು ಹೇಳಬೇಕು ಅಂದುಕೊಂಡದ್ದು ಇಷ್ಟೇ. ಟೂಲೂಸ್‌ನಿಂದ ಸುಮಾರು 50 ಕಿಲೋಮೀಟರ್ ಡಾಂಬರು ಹಾಕಿದ್ದಾರೆ, ಅದರಾಚೆ ಬಹಳ ಕಡೆ ಮಣ್ಣು, ಜಲ್ಲಿ, ಮರದ ಬೇರು. ಪ್ರವೇಶದಲ್ಲಿ ಒಂದು ನೀಲಿ ಫಲಕ. ಅದರಲ್ಲಿ ನಡೆಯುವವನು, ಸೈಕಲ್, ಕುದುರೆ ಸವಾರ. ಇದಕ್ಕೆ ಅವರು 'ವ್ವಾ ವೆರ್ತ್' ಅನ್ನುತ್ತಾರೆ, ಹಸಿರು ದಾರಿ ಅಂತ. ಪಕ್ಕದಲ್ಲಿ ಎರಡು ಕಬ್ಬಿಣದ ಅಡ್ಡಪಟ್ಟಿ. ಸೈಕಲ್ ನುಸುಳುತ್ತದೆ, ಕಾರು ನುಸುಳುವುದಿಲ್ಲ. ವಾಹನ ಇಲ್ಲದ ರಸ್ತೆಯ ಗುಟ್ಟು ಆ ಎರಡು ಪಟ್ಟಿ. ಬರ್ಗಂಡಿ ಎಂಬ ಕಡೆ ಇದೇ ಥರ ಮುಚ್ಚಿಹೋದ ರೈಲು ಹಳಿಯ ಜಾಗವನ್ನು 1997ರಲ್ಲಿ ಸೈಕಲ್ಲಿಗೆ ಬಿಟ್ಟರಂತೆ. ಆ ದಾರಿ ಹೋಗಿ ಮುಟ್ಟುವುದು 910ರಲ್ಲಿ ಸ್ಥಾಪನೆಯಾದ ಕ್ಲೂನಿ ಮಠದ ಊರನ್ನು. ಅಲ್ಲಿಗೆ ನನಗೆ ಹೋಗಲಾಗಲಿಲ್ಲ.

ಮೊದಲ ದಿನವೇ ಬೈಸಿಕೊಂಡೆ. ಅಭ್ಯಾಸ ಬಿಡುತ್ತದಾ? ಎಡಗಡೆಯಲ್ಲೇ ಹೋಗುತ್ತಿದ್ದೆ. ಎದುರಿಗೆ ಬಂದ ಅಜ್ಜಿಯೊಬ್ಬರು ಬ್ರೇಕ್ ಹಿಡಿದು, ಕಾಲು ಊರಿ, ಫ್ರೆಂಚಿನಲ್ಲಿ ಒಂದು ನಿಮಿಷ ಮಾತಾಡಿದರು. ಒಂದಕ್ಷರ ಅರ್ಥವಾಗಲಿಲ್ಲ. ಪೂರ್ತಿ ಅರ್ಥವಾಯಿತು. ಬಲಕ್ಕೆ ಸರಿದೆ.

33 ಕಿಲೋಮೀಟರ್ ದಾಟಿದ ಮೇಲೆ ನೆಗ್ರಾ ಎಂಬ ಜಾಗ. ಅಲ್ಲಿ ನೀರನ್ನು ಏರಿಸಿ ಇಳಿಸುವ ತೂಬಿನ ಕಟ್ಟೆ ಇದೆ. ಎರಡು ಕಡೆ ಬಾಗಿಲು, ನಡುವೆ ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ನೀರು ತುಂಬಿಸಿ, ಮುಂದಿನ ಬಾಗಿಲು ತೆಗೆಯುತ್ತಾರೆ. ಬುತ್ತಿ ಬಿಚ್ಚಿಕೊಂಡು ಮುಕ್ಕಾಲು ಗಂಟೆ ಅದನ್ನೇ ನೋಡಿದೆ. ತೊಟ್ಟಿಯ ಗೋಡೆ ನೆಟ್ಟಗಿಲ್ಲ, ಎರಡು ಕಡೆಯೂ ಹೊಟ್ಟೆ ಬಿಟ್ಟ ಹಾಗೆ ಮೊಟ್ಟೆಯಾಕಾರ. ಯಾಕೆ ಅಂತ ಅಳಿಯನನ್ನು ಕೇಳಿದೆ. ನೆಟ್ಟಗಿನ ಗೋಡೆಯನ್ನು ಹಿಂದಿನ ಮಣ್ಣು ಒತ್ತಿ ಬೀಳಿಸುತ್ತದಂತೆ, ಬಾಗಿದ ಗೋಡೆ ಆ ಒತ್ತಡ ತಡೆಯುತ್ತದಂತೆ. ನಮ್ಮ ಬಾವಿಗಳ ಕಲ್ಲುಕಟ್ಟಡ ದುಂಡಗಿರುವುದೂ ಅದಕ್ಕೇ ಅಲ್ವಾ? ಹಿಂದೆ ಟೂಲೂಸ್‌ನಿಂದ ಹೊರಟ ಟಪಾಲು ದೋಣಿಯವರು ಮೊದಲ ದಿನದ ಊಟಕ್ಕೆ ಇಳಿಯುತ್ತಿದ್ದುದು ಇಲ್ಲೇ. ನಾನು ಇಳಿದದ್ದೂ ಊಟಕ್ಕೇ. ಚಪಾತಿ, ಹುರುಳಿಕಾಯಿ ಪಲ್ಯ.

ಎಲ್ಲ ಚೆಂದವೇ ಅಂತ ಹೇಳುವುದಿಲ್ಲ. ಕಾಲುವೆಯ ಉದ್ದಕ್ಕೂ ಪ್ಲೇನ್ ಎಂಬ ಜಾತಿಯ ನೆರಳಿನ ಮರಗಳು, ಒಟ್ಟು 42 ಸಾವಿರ ಇದ್ದವಂತೆ. 2006ರಲ್ಲಿ ಒಂದು ಬೂಷ್ಟಿನ ರೋಗ ಕಾಣಿಸಿಕೊಂಡು ಸಾವಿರಾರು ಮರ ಕಡಿಯಬೇಕಾಯಿತು. ಮರ ಹೋದ ಕಡೆ ಜುಲೈ ಬಿಸಿಲು ನೆತ್ತಿಗೆ ಹೊಡೆಯುತ್ತದೆ. ಅಲ್ಲಿ ಸಸಿ ನೆಟ್ಟಿದ್ದಾರೆ, ಬೇರೆ ಬೇರೆ ಜಾತಿಯವು. ಒಂದೇ ಜಾತಿ ನೆಟ್ಟು ಕೆಟ್ಟೆವು ಅನ್ನುವುದು ಅವರಿಗೂ ಗೊತ್ತಾಗಿದೆ.

ಗಾರ್ದೂಶ್‌ನಲ್ಲಿ ಕಾಲುವೆ ಬಿಟ್ಟು ರೈಲು ಹಿಡಿಯಲು ವಿಲ್‌ಫ್ರಾಂಶ್ ಊರಿಗೆ ಹೊರಟೆ. ಎರಡು ಮೂರು ಕಿಲೋಮೀಟರ್ ಮಾಮೂಲಿ ರಸ್ತೆ. ಹಿಂದೆ ಲಾರಿ ಸದ್ದು. ಬೆನ್ನು ತಾನಾಗೇ ಬಿಗಿಯಾಯಿತು. ಲಾರಿ ಹಾರ್ನ್ ಮಾಡಲಿಲ್ಲ, ಎದುರಿನ ಕಾರು ಹೋಗುವ ತನಕ ನನ್ನ ಹಿಂದೆಯೇ ನಿಧಾನಕ್ಕೆ ಬಂದು, ಆಮೇಲೆ ಪೂರ್ತಿ ಆಚೆ ಬದಿಗೆ ಹೋಗಿ ದಾಟಿತು. ಊರ ಹೊರಗೆ ಸೈಕಲ್ಲಿನಿಂದ ಒಂದೂವರೆ ಮೀಟರ್, ಊರೊಳಗೆ ಒಂದು ಮೀಟರ್ ದೂರ ಬಿಡಲೇಬೇಕು ಅಂತ ಅಲ್ಲಿ ಕಾನೂನು. ರೈಲಿನಲ್ಲಿ ಸೈಕಲ್ಲಿಗೆ ಯಾರೂ ಟಿಕೆಟ್ ಕೇಳಲಿಲ್ಲ.

ಇನ್ನು ಇಲ್ಲಿಯದು. ನಮ್ಮ ಬಡಾವಣೆಯ ಹತ್ತಿರ ಒಂದು ರಸ್ತೆಯ ಅಂಚಿಗೆ ಹಸಿರು ಬಣ್ಣ ಬಳಿದು ಸೈಕಲ್ ಚಿತ್ರ ಬರೆದರು. ಎರಡನೇ ತಿಂಗಳಿಗೆ ಸೈಕಲ್ ಚಿತ್ರದ ಮೇಲೆ ಎಗ್‌ರೈಸ್ ಗಾಡಿ ಬಂದು ನಿಂತಿತು. ಉಳಿದ ಕಡೆ ಕಾರುಗಳು. ಒಂದು ಸಂಜೆ ಅದೇ ಹಸಿರು ಪಟ್ಟೆಯಲ್ಲಿ ಎದುರುಗಡೆಯಿಂದ ಬಂದ ಬೈಕಿನ ಕನ್ನಡಿ ತಗುಲಿ ನನ್ನ ಮೊಣಕೈ ಕಿತ್ತುಹೋಯಿತು. ಮೂರು ಹೊಲಿಗೆ. ಆ ಹುಡುಗ ಪಾಪ ಆಸ್ಪತ್ರೆಗೆ ತಾನೇ ಕರೆದುಕೊಂಡು ಹೋದ, ಅವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು ಬಣ್ಣದ ಮೇಲೆ. ಬಣ್ಣ ಯಾರನ್ನೂ ತಡೆಯುವುದಿಲ್ಲ.

ಹಾಗಾಗಿ ಊರೊಳಗೆ ಇನ್ನಷ್ಟು ಬಣ್ಣ ಬಳಿಯಿರಿ ಅಂತ ನಾನು ಕೇಳುತ್ತಿಲ್ಲ. ಹಳೆಯ ನೀರಿನ ದಾರಿ ನಮ್ಮಲ್ಲೂ ಇವೆ, ಅದನ್ನು ನೋಡಿ ಅನ್ನುತ್ತೇನೆ. ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ನೀರು ಬರಲು ಶುರುವಾದದ್ದು 1890ರ ದಶಕದಲ್ಲಿ. ಅಲ್ಲಿಂದ ತರಬನಹಳ್ಳಿ ಕಡೆಗೆ ಇಟ್ಟಿಗೆಯ ಕಾಲುವೆ ಕಟ್ಟಿದ್ದರು. ಕೆಲಸದಲ್ಲಿದ್ದಾಗ ಆ ಕಡೆ ಲೈನ್ ನೋಡಲು ಹೋಗಿ, ಅದರ ಕೆಂಪು ಕಮಾನಿನ ನೆರಳಲ್ಲಿ ಸೈಕಲ್ ನಿಲ್ಲಿಸಿ ಮಜ್ಜಿಗೆ ಕುಡಿದಿದ್ದೇನೆ. ಅದರ ಪಕ್ಕಕ್ಕೇ ಒಂದು ಕಾಲುದಾರಿ ಉಳಿಸಿಕೊಂಡರೆ ಭಾನುವಾರ ಬೆಳಿಗ್ಗೆ ಹೆದ್ದಾರಿಯಲ್ಲಿ ಲಾರಿಗಳ ನಡುವೆ ನಂದಿಬೆಟ್ಟಕ್ಕೆ ಸೈಕಲ್ ತುಳಿಯುವ ಹುಡುಗರಿಗೆ ಇನ್ನೊಂದು ದಾರಿ ಸಿಕ್ಕಂತಾಯಿತು.

ಅದಕ್ಕಿಂತ ಜಾಸ್ತಿ ಹೇಳಬೇಕಾದ್ದು ನಮ್ಮೂರಿನದು. ನಾನು ಶ್ರೀರಂಗಪಟ್ಟಣ ತಾಲ್ಲೂಕಿನವನು. ನಮ್ಮ ಗದ್ದೆಗೆ ನೀರು ಬರುವುದು ಚಿಕ್ಕದೇವರಾಯ ಸಾಗರ ನಾಲೆಯಿಂದ. ಚಿಕ್ಕದೇವರಾಜ ಒಡೆಯರು ಆಳಿದ್ದು 1673ರಿಂದ 1704ರವರೆಗೆ. ಅಂದರೆ ಅಲ್ಲಿ ರಿಕೆ ಕಾಲುವೆ ಅಗೆಸುತ್ತಿದ್ದ ಕಾಲಕ್ಕೂ ಇಲ್ಲಿ ನಮ್ಮವರು ಕಾವೇರಿ ನೀರು ತಿರುಗಿಸುತ್ತಿದ್ದ ಕಾಲಕ್ಕೂ ಹೆಚ್ಚು ಕಡಿಮೆ ಏನಿಲ್ಲ. ನೆಗ್ರಾದಲ್ಲಿ ಕೂತು ಇದು ಹೊಳೆದಾಗ ಒಬ್ಬನೇ ನಕ್ಕೆ. ಅವರದನ್ನು 1996ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮದರಲ್ಲಿ ಎಮ್ಮೆ ಮೈ ತೊಳೆಯುತ್ತೇವೆ. ತೊಳೆಯಲಿ, ತಪ್ಪೇನಿಲ್ಲ.

ನಾಲೆ ಏರಿಯ ಮೇಲೆ ಕಾರು ಓಡುವುದು ಅಪಾಯ ಅಂತ ಮಂಡ್ಯ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಸತ್ತರು. ಅದರ ಮುಂಚೆ, ಆಮೇಲೆ ಬಿದ್ದ ಕಾರುಗಳ ಸುದ್ದಿಯೂ ನಿಮ್ಮ ಪತ್ರಿಕೆಯಲ್ಲೇ ಬಂದಿದೆ. ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮೇಲೆ 2023ರ ಆಗಸ್ಟ್‌ನಿಂದ ಬೈಕು, ಸೈಕಲ್ ಬಿಡುವುದಿಲ್ಲ. ಅದು ಸರಿಯೇ, ಆ ವೇಗದಲ್ಲಿ ನನಗೂ ಹೋಗಲು ಆಸೆಯಿಲ್ಲ. ವೇಗದ ಗಾಡಿಗಳಿಗೆ ಅಂತಲೇ ಒಂದು ರಸ್ತೆ ಬಿಡಬಹುದಾದರೆ, ಸೈಕಲ್ಲಿಗೆ ಅಂತ ಒಂದು ಏರಿ ಬಿಡಬಾರದೇ?

ಇದನ್ನು ತಮ್ಮನಿಗೆ ಹೇಳಿದೆ. ಅವನು ಊರಲ್ಲೇ ಇರುವವನು, ವ್ಯವಸಾಯಗಾರ. 'ಏರಿಗೆ ಕಂಬ ನೆಟ್ಬುಟ್ರೆ ಕಬ್ಬಿನ ಗಾಡಿ ಎಲ್ಲೋಗ್ಬೇಕಣ್ಣ? ನಿನ್ ಸೈಕಲ್ ಮೇಲೆ ಹೇರ್ಕೊಂಡೋಗ್ತೀಯಾ?' ಅಂದ. ಮಾತು ನ್ಯಾಯವಾದ್ದೇ. ಉತ್ತರಕ್ಕೆ ಒಂದು ವಾರ ಯೋಚಿಸಿದೆ. ನಮ್ಮೂರ ಹತ್ತಿರ ನಾಲೆಗೆ ಎರಡು ಏರಿ. ಒಂದು ಗಾಡಿ ಓಡಾಡುವ ಅಗಲದ್ದು. ಇನ್ನೊಂದು ಕಿರಿದು, ನೀರಗಂಟಿ ನಡೆಯುವುದು, ಹೆಂಗಸರು ಹುಲ್ಲು ಹೊತ್ತು ಬರುವುದು ಅದರ ಮೇಲೆ. ದೊಡ್ಡ ಏರಿ ಕಬ್ಬಿಗೇ ಇರಲಿ. ಕಿರಿದಾದ ಏರಿಯ ಎರಡು ತುದಿಗೆ ಕಲ್ಲುಕಂಬ ನೆಟ್ಟರೆ ಸಾಕು. ಟೈಲ್ಸ್ ಬೇಡ, ಕಾಂಕ್ರೀಟ್ ಬೇಡ, ಶಾಸಕರ ಹೆಸರು ಬರೆದ ಬೆಂಚು ಅಂತೂ ಬೇಡವೇ ಬೇಡ.

ಹೋದ ಜನವರಿಯಲ್ಲಿ ತಮ್ಮನ ಮಗನ ಸೈಕಲ್ ತೆಗೆದುಕೊಂಡು ಆ ಏರಿಯ ಮೇಲೆ ಹೊರಟೆ. ಗದ್ದೆಯಲ್ಲಿ ಭತ್ತದ ಕೂಳೆ, ನಾಲೆಯಲ್ಲಿ ಮೊಣಕಾಲುದ್ದ ನೀರು, ಒಂದು ಮಿಂಚುಳ್ಳಿ ಕಂಬದಿಂದ ಕಂಬಕ್ಕೆ ನನ್ನ ಮುಂದೆ ಮುಂದೆಯೇ ಹಾರುತ್ತಿತ್ತು. ಒಂದೂವರೆ ಗಂಟೆ ಹಾರ್ನ್ ಕೇಳಲಿಲ್ಲ. ಮೂರು ಕಡೆ ಮಾತ್ರ ಗದ್ದೆಗೆ ನೀರು ಬಿಡಲು ಏರಿಯನ್ನೇ ಕಡಿದಿದ್ದಾರೆ. ಅಲ್ಲಿ ಸೈಕಲ್ ಹೆಗಲಿಗೆ ಏರಿಸಿ ಇಳಿದು ಹತ್ತಬೇಕಾಯಿತು. ಏಣಿ ಹೊತ್ತವನಿಗೆ ಅದೇನು ಕಷ್ಟವಲ್ಲ, ಆದರೂ ನೀರಾವರಿಯವರು ಆ ಮೂರು ಜಾಗಕ್ಕೆ ಪೈಪು ಕೂರಿಸಿ ಮೇಲೊಂದು ಚಪ್ಪಡಿ ಹಾಸಿಕೊಡಲಿ ಎಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಯಾವ ಮೂರು ಜಾಗ ಅಂತ ಬಂದು ತೋರಿಸಲು ನಾನು ಸಿದ್ಧ.

ಇಂತಿ,
ನಿವೃತ್ತ ಲೈನ್‌ಮನ್,
ಮಹಾಲಕ್ಷ್ಮಿ ಬಡಾವಣೆ, ಬೆಂಗಳೂರು