ಭಾನುವಾರದ ಓದು: ಮಲಯ್ ಸೂಫಿ ಕವಿತೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಎಂದಿನಂತೆ ಸೇರೋಣ. ಈ ಸಲ ಇಬ್ಬರೇ ಕವಿಗಳು. (ಮಲಯ್ ಎಂದರೆ ಮಲೇಷ್ಯಾ, ಇಂಡೋನೇಷ್ಯಾ ಕಡೆಯ ಭಾಷೆ.)

ಮೊದಲು ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಅಮೀರ್ ಹಮ್ಜಾ. 1937ರಲ್ಲಿ ಬಂದ ಅವರ ಕವಿತೆಗಳಲ್ಲಿ ದೇವರು ಶಾಂತಮೂರ್ತಿಯಲ್ಲ. ಹೊಟ್ಟೆಕಿಚ್ಚಿನ, ಉಗುರು ಚಾಚುವ ಪ್ರಿಯತಮ. ಕತ್ತಲ ರಾತ್ರಿ ಕಿಟಕಿಯಲ್ಲಿ ದೀಪವಿಟ್ಟು ಕರೆಯುತ್ತಾನೆ, ಮುಖ ಮಾತ್ರ ತೋರಿಸುವುದಿಲ್ಲ. 1946ರ ದಂಗೆಯಲ್ಲಿ ಕವಿ ಕೊಲೆಯಾದರು.

ಇನ್ನೊಬ್ಬರು ಅದೇ ದೇಶದ ಮದುರಾ ದ್ವೀಪದ ಅಬ್ದುಲ್ ಹಾದಿ. (ಇವರು ಬರೆದದ್ದು ಇಂಡೋನೇಷ್ಯನ್ನಿನಲ್ಲಿ, ಅದೂ ಮಲಯ್ ಮೂಲದ್ದೇ. ಅದು ಮಲಯ್ ಹೌದೋ ಅಲ್ಲವೋ ಎಂಬ ಕಳೆದ ಸಲದ ಜಗಳ ಮತ್ತೆ ಬೇಡ!) ದೇವರೂ ತಾನೂ ಎಷ್ಟು ಹತ್ತಿರ ಎನ್ನಲು ಅವರು ಹುಡುಕುವುದು ಬೆಂಕಿ ಮತ್ತು ಬಿಸಿ, ಬಟ್ಟೆ ಮತ್ತು ಹತ್ತಿ, ಗಾಳಿ ಮತ್ತು ಅದರ ದಿಕ್ಕು. ನನಗೆ ಹತ್ತಿಯೇ ಹೆಚ್ಚು ಹಿಡಿಸಿತು. ಬಟ್ಟೆಯಿಂದ ಅದನ್ನು ಬಿಡಿಸಿ ತೆಗೆಯಲು ಹೋದರೆ ಬಟ್ಟೆಯೇ ಉಳಿಯುವುದಿಲ್ಲವಲ್ಲ.

ಈ ಬಗೆಯ ರೂಪಕ ಹೊಸದಲ್ಲ. ಹಮ್ಜಾ ಫನ್ಸೂರಿ ಎಂಬ ಹಳೆಯ ಮಲಯ್ ಸೂಫಿ, ಅಲೆಯೂ ನೀರೂ ಒಂದೇ ಎಂದು ಹಾಡಿದ್ದ. ಅಬ್ದುಲ್ ಹಾದಿ ಪಿಎಚ್‌.ಡಿ. ಮಾಡಿದ್ದೂ ಅವನ ಮೇಲೆಯೇ, ಮಲೇಷ್ಯಾದ ಪೆನಾಂಗಿನಲ್ಲಿ.

ಕವಿತೆಗಳ ಪಿಡಿಎಫ್ ನಾಳೆ ಹಾಕುತ್ತೇನೆ. ಗಟ್ಟಿಯಾಗಿ ಓದಲು ಇಬ್ಬರು ಬೇಕು, ಹೆಸರು ಕೊಡಿ. ಗುಡ್ ಮಾರ್ನಿಂಗ್ ಚಿತ್ರಗಳು ದಯವಿಟ್ಟು ಇಲ್ಲಿ ಬೇಡ.